ಪ್ರತಿಪರಮಾಣು ಅಂದರೆ ಯಾವ ಪರಮಾಣು?

ಎಲ್ಲರಿಗೂ ನಮಸ್ಕಾರ. ಹೈಸ್ಕೂಲು ಮಕ್ಕಳಿಗಾಗಿ ಆಂಟಿಮ್ಯಾಟರ್ (ಮಾಮೂಲಿ ಕಣಗಳ ಬದಲು ವಿದ್ಯುದಂಶ ತಿರುಗುಮುರುಗಾದ ಕಣಗಳಿಂದ ಆದ ದ್ರವ್ಯ) ಬಗ್ಗೆ ಒಂದು ಪಾಠ ಬರೆಯುತ್ತಿದ್ದೇನೆ. ಎರಡು ಪದಗಳ ಹತ್ತಿರ ಬಂದು ನಿಂತಿದ್ದೇನೆ. ನಿಮ್ಮ ಸಲಹೆ ಬೇಕು.

ಆಂಟಿಮ್ಯಾಟರಿಗೆ ಪ್ರತಿದ್ರವ್ಯ, ಅದರ ಕಣಕ್ಕೆ ಪ್ರತಿಕಣ ಅನ್ನುವ ಪದಗಳು ಈಗಾಗಲೇ ಬಳಕೆಯಲ್ಲಿವೆ. ಅದೇ ಜಾಡಿನಲ್ಲಿ ‘ಪ್ರತಿಪರಮಾಣು’ ಅನ್ನಬಹುದು. ತೊಡಕು ಬರುವುದು ವಾಕ್ಯದಲ್ಲಿ. 1995ರಲ್ಲಿ ಜಿನೀವಾ ಬಳಿಯ ಸರ್ನ್ ಎಂಬ ಕಣಭೌತ ಪ್ರಯೋಗಾಲಯದಲ್ಲಿ ಮೊಟ್ಟಮೊದಲ ಸಲ ಆಂಟಿಹೈಡ್ರೋಜನ್ (ಪ್ರೋಟಾನಿನ ಪ್ರತಿಕಣ ಆಂಟಿಪ್ರೋಟಾನ್, ಎಲೆಕ್ಟ್ರಾನಿನ ಪ್ರತಿಕಣ ಪಾಸಿಟ್ರಾನ್ ಕೂಡಿ ಆಗುವಂಥದ್ದು) ಪರಮಾಣುಗಳನ್ನು ಮಾಡಿದರಲ್ಲ, ಅದನ್ನು ಹೀಗೆ ಬರೆದೆ: ‘ಪ್ರತಿಪರಮಾಣುವೂ ಸೆಕೆಂಡಿನ ನೂರು ಕೋಟಿಯಲ್ಲಿ ಸುಮಾರು 40 ಪಾಲಿನಷ್ಟು ಹೊತ್ತು ಮಾತ್ರ ಉಳಿಯಿತು.’ ಇದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದರೆ ಮಕ್ಕಳಿಗೆ ಕೇಳಿಸುವುದು ‘ಒಂದೊಂದು ಪರಮಾಣುವೂ’ ಅಂತಲೇ, ಅಲ್ವಾ? ಪದದ ನಡುವೆ ಜಾಗ ಬಿಡುವುದು, ಬಿಡದಿರುವುದು ಕಣ್ಣಿಗೆ ಮಾತ್ರ ಕಾಣುವ ವ್ಯತ್ಯಾಸ.

‘ಎದುರುಕಣ’, ‘ಎದುರುಪರಮಾಣು’ ಅಂದರೆ ಈ ಗೊಂದಲ ಇಲ್ಲ. ಆದರೆ ಅದರಲ್ಲಿ ಜಗಳದ ವಾಸನೆ ಜಾಸ್ತಿ. ಆಂಟಿಪ್ರೋಟಾನಿಗೆ ಪ್ರೋಟಾನಿನಷ್ಟೇ ತೂಕ, ವಿದ್ಯುದಂಶ ಮಾತ್ರ ತಿರುಗುಮುರುಗು. ಪ್ರತಿಬಿಂಬದಲ್ಲಿರುವ ‘ಪ್ರತಿ’ಯೇ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಹಾಗಾಗಿ ಪ್ರತಿದ್ರವ್ಯ, ಪ್ರತಿಕಣ ಇರಲಿ, ಪರಮಾಣುವಿನ ಮಾತು ಬಂದಾಗ ‘ಆಂಟಿಪರಮಾಣು’ ಅನ್ನೋಣ ಅಂತ ನನ್ನ ಮನಸ್ಸು. ಬೆರಕೆ ಪದ ಅಂತ ಯಾರಿಗಾದರೂ ಇರಿಸುಮುರಿಸಾಗುತ್ತದೆಯೇ?

ಇನ್ನೊಂದು ಪದ ಇದಕ್ಕಿಂತ ಕಷ್ಟದ್ದು. ಕಣ, ಪ್ರತಿಕಣ ಕೂಡಿದಾಗ ಎರಡೂ ಇಲ್ಲವಾಗುವ ಅನೈಹಿಲೇಶನ್. ‘ನಾಶ’, ‘ವಿನಾಶ’ ಅಂತ ಬರೆದರೆ ಪಾಠದ ಜೀವವೇ ಹೋಗುತ್ತದೆ. ಯಾಕೆಂದರೆ ಆ ಆಂಟಿಹೈಡ್ರೋಜನ್ ಪರಮಾಣುಗಳು ಪತ್ತೆಯಾದದ್ದೇ ಈ ಘಟನೆಯಿಂದ. ಆಂಟಿಹೈಡ್ರೋಜನ್‌ಗೆ ಒಟ್ಟಾರೆ ವಿದ್ಯುದಂಶ ಇಲ್ಲ. ಅಯಸ್ಕಾಂತಗಳು ಅದನ್ನು ಬಾಗಿಸಲಾರವು. ಹಾಗಾಗಿ ಅದು ಆಂಟಿಪ್ರೋಟಾನುಗಳು ಸುತ್ತುವ ಯಂತ್ರದ ಉಂಗುರದಿಂದ ನೇರ ಹೊರಬಿದ್ದು ಸುಮಾರು 10 ಮೀಟರ್ ದೂರದ ಸಿಲಿಕಾನ್ ಪತ್ತೆಕಾರಕಕ್ಕೆ ಬಡಿಯಿತು. ಅಲ್ಲಿ ಅದರ ಪಾಸಿಟ್ರಾನ್ ಕಳಚಿಕೊಂಡು ಒಂದು ಎಲೆಕ್ಟ್ರಾನ್ ಜೊತೆ ಕೂಡಿತು. ಎರಡೂ ಇಲ್ಲವಾಗಿ, ಒಂದೊಂದೂ 511 ಕಿಲೋಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಎರಡು ಗಾಮಾ ಕಿರಣಗಳು ವಿರುದ್ಧ ದಿಕ್ಕಿಗೆ ಹಾರಿದವು. ಮುಂದೆ ಸಾಗಿದ ಆಂಟಿಪ್ರೋಟಾನನ್ನು ಬೇರೆಯಾಗಿ ಅಳೆದರು. ಎರಡೂ ಸಾಕ್ಷಿ ತಾಳೆಯಾದ ಮೇಲೆ ಲೆಕ್ಕಕ್ಕೆ ಬಂದದ್ದು 9 ಪರಮಾಣು. ಶಕ್ತಿ ಒಂದಿಷ್ಟೂ ನಾಶವಾಗಲಿಲ್ಲ, ರೂಪ ಬದಲಾಯಿತು ಅಷ್ಟೇ.

‘ಕರಗುವುದು’ ಅಂದರೆ ನೀರಿನಲ್ಲಿ ಉಪ್ಪು ಕರಗಿದ ಹಾಗೆ ಅಂದುಕೊಳ್ಳುತ್ತಾರೆ. ‘ವಿಲೀನ’ ಅಂದರೆ ಎರಡು ಕಣ ಸೇರಿ ಒಂದಾದಂತೆ. ನನಗೆ ಹಿಡಿಸಿರುವುದು ‘ಲಯ’. ತಾಳ-ಲಯದ ನೆನಪು ಬರುತ್ತದೆ ನಿಜ, ಆದರೆ ಸೃಷ್ಟಿ-ಸ್ಥಿತಿ-ಲಯವೂ ಎಲ್ಲರ ಬಾಯಲ್ಲಿ ಇರುವಂಥದ್ದೇ. ಅದೇ ಪ್ರಯೋಗದಲ್ಲಿ ಪಾಸಿಟ್ರಾನ್ ಹುಟ್ಟಿದ್ದು ಹೇಗೆ ನೋಡಿ: ಆಂಟಿಪ್ರೋಟಾನ್ ಕ್ಸೆನಾನ್ ಪರಮಾಣುವಿನ ಬೀಜವನ್ನು ಸವರಿ ಹಾದುಹೋಗುವಾಗ ಎಲೆಕ್ಟ್ರಾನ್-ಪಾಸಿಟ್ರಾನ್ ಜೋಡಿ ಮೂಡುತ್ತದೆ. ಎಲ್ಲೋ ಅಪರೂಪಕ್ಕೆ ಆ ಪಾಸಿಟ್ರಾನ್ ಆಂಟಿಪ್ರೋಟಾನಿನ ಜೊತೆಗೇ ಉಳಿದುಬಿಡುತ್ತದೆ. ಆ ಹುಟ್ಟಿಗೆ ‘ಜೋಡಿಸೃಷ್ಟಿ’, ಈ ಕೊನೆಗೆ ‘ಜೋಡಿಲಯ’ ಅಂದರೆ ಎರಡೂ ಒಂದಕ್ಕೊಂದು ಕೂಡಿ ಬರುತ್ತವೆ.

ಕನ್ನಡ ಮಾಧ್ಯಮದಲ್ಲಿ ಭೌತಶಾಸ್ತ್ರ ಪಾಠ ಮಾಡಿದವರು ಇಲ್ಲಿ ಇದ್ದೀರಿ. ತರಗತಿಯಲ್ಲಿ ನೀವು ಏನು ಹೇಳುತ್ತಿದ್ದಿರಿ? ಹಳೆಯ ಪಠ್ಯಗಳಲ್ಲಿ ಬೇರೆ ಪದ ಕಂಡಿದ್ದರೆ ಅದು ಬಂದ ವಾಕ್ಯದ ಸಮೇತ ತಿಳಿಸಿ.