ಹಳೆ ಕಲ್ಲಿನ ರಥದ ಫೋಟೋ ಈಗಿನ ಫೋಟೋ ಆಗಿ ಬದಲಾಗುವ ಹಾಗೆ ಮಾಡಬೇಕು, ಫ್ರೀ ಸಾಫ್ಟ್‌ವೇರ್ ಯಾವುದಿದೆ?

ಕಂಪ್ಲಿ ಟೀಚರ್

ಎಲ್ಲರಿಗೂ ನಮಸ್ಕಾರ. ಕಂಪ್ಲಿ ಹತ್ತಿರದ ಸರ್ಕಾರಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ರಾಜ್ಯೋತ್ಸವಕ್ಕೆ ಮಕ್ಕಳನ್ನು ಸೇರಿಸಿಕೊಂಡು ಹಂಪಿ ಬಗ್ಗೆ ಒಂದು ಚಿಕ್ಕ ಪ್ರದರ್ಶನ ಇಡುತ್ತಿದ್ದೇವೆ. ಅದಕ್ಕೆ ನಿಮ್ಮ ಸಹಾಯ ಬೇಕು.

1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಬ್ರಿಟಿಷ್ ಸೇನಾಧಿಕಾರಿ ಹಂಪಿಯ ಫೋಟೋಗಳನ್ನು ತೆಗೆದಿದ್ದರು. ಅದರಲ್ಲಿ ವಿಠ್ಠಲ ದೇವಸ್ಥಾನದ ಕಲ್ಲಿನ ರಥ ಇದೆ. ಮಕ್ಕಳಿಗೆ ತೋರಿಸಿದರೆ ಗುರುತೇ ಹತ್ತಲಿಲ್ಲ, ಯಾಕಂದ್ರೆ ಆಗ ರಥದ ಮೇಲೆ ಇಟ್ಟಿಗೆಯ ಶಿಖರ ಇತ್ತು. 19ನೇ ಶತಮಾನದ ಕೊನೆಯ ಹೊತ್ತಿಗೆ ಅದನ್ನು ತೆಗೆದುಬಿಟ್ಟರು. ಈಗ 50 ರೂಪಾಯಿ ನೋಟಿನ ಮೇಲಿರುವುದು ಶಿಖರ ಇಲ್ಲದ ರಥ, ಮಕ್ಕಳಿಗೆ ಗೊತ್ತಿರುವುದೂ ಅದೇ.

ಆ ಹಳೆ ಫೋಟೋ ನಿಧಾನಕ್ಕೆ ಈಗಿನ ಫೋಟೋ ಆಗಿ ಬದಲಾಗುವ ಒಂದು ಚಿಕ್ಕ ವಿಡಿಯೋ ಬೇಕು. ಪವರ್‌ಪಾಯಿಂಟ್‌ನಲ್ಲಿ ಫೇಡ್ ಹಾಕಿ ನೋಡಿದೆ, ಚೆನ್ನಾಗಿ ಬರಲಿಲ್ಲ. ಮಧ್ಯದಲ್ಲಿ ಎರಡು ರಥ ಒಂದರ ಮೇಲೊಂದು ಕೂತು ಎರಡು ಚಕ್ರ ಇರುವಲ್ಲಿ ನಾಲ್ಕು ಕಾಣುತ್ತವೆ. ಒಂದು ಚಕ್ರ ಇನ್ನೊಂದು ಚಕ್ರದ ಜಾಗಕ್ಕೆ ತಾನೇ ಸರಿದು ಹೋಗಬೇಕು, ಹಾಗೆ ಬೇಕು ನನಗೆ.

ಶಾಲೆಯ ಲ್ಯಾಬಿನಲ್ಲಿರುವುದು ವಿಂಡೋಸ್ 7, 2 ಜಿಬಿ ರ‍್ಯಾಮ್, ನೆಟ್ ಇಲ್ಲ. ಮನೆಯಲ್ಲಿ ತಮ್ಮನ ಲ್ಯಾಪ್‌ಟಾಪ್ ಇದೆ, ವಿಂಡೋಸ್ ಬದಲು ಉಬುಂಟು ಲಿನಕ್ಸ್ ಹಾಕಿಕೊಂಡಿದ್ದಾನೆ. ದುಡ್ಡು ಕೊಟ್ಟು ಸಾಫ್ಟ್‌ವೇರ್ ತಗೊಳ್ಳೋಕೆ ಆಗಲ್ಲ.

ಇದು ಸರಿಹೋದರೆ ಮಾರ್ಚ್‌ನಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳ ಬೀಳ್ಕೊಡುಗೆಗೆ ಇನ್ನೊಂದು ಮಾಡುವ ಆಸೆ ಇದೆ. ಒಂದನೇ ಕ್ಲಾಸಿನಲ್ಲಿದ್ದಾಗಿನ ಮುಖ ಈಗಿನ ಮುಖ ಆಗುವ ಹಾಗೆ. ಎರಡಕ್ಕೂ ಒಂದೇ ಸಾಫ್ಟ್‌ವೇರ್ ಸಾಕಾ?

ಸಿರುಗುಪ್ಪ ಸ್ಟುಡಿಯೋ

ಮೇಡಂ, ನಿಮಗೆ ಬೇಕಾಗಿರುವುದು ಮಾರ್ಫಿಂಗ್. ಫೇಡ್‌ನಲ್ಲಿ ಬಣ್ಣ ಮಾತ್ರ ಬದಲಾಗುತ್ತದೆ, ಆಕಾರ ಇದ್ದಲ್ಲೇ ಇರುತ್ತದೆ. ಮಾರ್ಫ್‌ನಲ್ಲಿ ಎರಡು ಕೆಲಸ ಒಟ್ಟಿಗೆ ಆಗುತ್ತವೆ. ಮೊದಲು ಎರಡೂ ಫೋಟೋವನ್ನು ಎಳೆದು, ಬಗ್ಗಿಸಿ ಒಂದೇ ಆಕಾರಕ್ಕೆ ತರುತ್ತದೆ, ಆಮೇಲೆ ಬಣ್ಣ ಬೆರೆಸುತ್ತದೆ. ಹಳೆ ಫೋಟೋದಲ್ಲಿ ಚಕ್ರದ ನಡುಬಿಂದು ಎಡದಿಂದ 300, ಮೇಲಿಂದ 400ನೇ ಪಿಕ್ಸೆಲ್‌ನಲ್ಲಿದೆ ಅಂತ ಇಟ್ಟುಕೊಳ್ಳಿ. ಹೊಸದರಲ್ಲಿ ಅದು 340, 380ರಲ್ಲಿದೆ. ಸರಿಯಾಗಿ ಅರ್ಧ ದಾರಿಯ ಚಿತ್ರದಲ್ಲಿ ಎರಡೂ ಫೋಟೋದ ಚಕ್ರ 320, 390ಕ್ಕೆ ಬಂದು ಕೂರುತ್ತದೆ. ಹಾಗಾಗಿ ಎರಡೆರಡು ಕಾಣೋದಿಲ್ಲ. ಯಾವ ಬಿಂದು ಯಾವ ಬಿಂದುವಿಗೆ ಜೋಡಿ ಅಂತ ನಾವು ಹೇಳಬೇಕು, ಅಷ್ಟೆ.

ನಿಮ್ಮ ವಿಂಡೋಸ್ 7ಕ್ಕೆ ಸ್ಕ್ವರ್ಲ್ಜ್ ಮಾರ್ಫ್ ಹಾಕಿ. ಹಳೇ ಸಾಫ್ಟ್‌ವೇರ್, ತುಂಬಾ ಚಿಕ್ಕದು, ಫ್ರೀ. ನೋಡೋಕೆ ಅಂದವಾಗಿಲ್ಲ, ಆದರೆ ಕೆಲಸಕ್ಕೆ ಏನೂ ಕಮ್ಮಿ ಇಲ್ಲ. ಎರಡು ಫೋಟೋ ತೆರೆದು, ಒಂದರಲ್ಲಿ ಬಿಂದು ಇಟ್ಟು, ಇನ್ನೊಂದರಲ್ಲಿ ಅದರ ಜೋಡಿಯನ್ನು ಸರಿಯಾದ ಜಾಗಕ್ಕೆ ಎಳೆಯಬೇಕು. ಕೊನೆಗೆ ಎವಿಐ ವಿಡಿಯೋ, ಜಿಫ್, ಇಲ್ಲ ಒಂದೊಂದೇ ಫ್ರೇಮ್ ಆಗಿ ಉಳಿಸಿಕೊಳ್ಳಬಹುದು. ಎರಡಕ್ಕಿಂತ ಜಾಸ್ತಿ ಫೋಟೋ ಸಾಲಾಗಿ ಜೋಡಿಸೋಕೂ ಬರುತ್ತದೆ, ನಿಮ್ಮ ಬೀಳ್ಕೊಡುಗೆಗೆ ಅದು ಅನುಕೂಲ.

ಇನ್ನೊಂದು ವಿನ್‌ಮಾರ್ಫ್. ಅದೂ ಫ್ರೀ. ಅದರಲ್ಲಿ ಬಿಂದು ಬದಲು ಗೆರೆ ಎಳೆಯುತ್ತೀರಿ. ರಥದ ಚಾವಣಿ ಅಂಚು, ಕಂಬದ ಅಂಚು, ಚಕ್ರದ ಸುತ್ತು, ಇಂಥವಕ್ಕೆ ಗೆರೆಯೇ ಸರಾಗ. 1991ರ ಮೈಕೆಲ್ ಜಾಕ್ಸನ್ ವಿಡಿಯೋದಲ್ಲಿ ಒಬ್ಬರ ಮುಖ ಇನ್ನೊಬ್ಬರದಾಗುತ್ತಾ ಹೋಗುತ್ತಲ್ಲ, ಅದನ್ನು ಮಾಡಿದ್ದು ಗೆರೆಗಳ ಜೋಡಿ ಇಟ್ಟೇ. ಆ ವಿಧಾನವನ್ನು ಬೈಯರ್ ಮತ್ತು ನೀಲಿ ಅನ್ನುವವರು 1992ರಲ್ಲಿ ಬರೆದು ಪ್ರಕಟಿಸಿದರು.

ಡೌನ್‌ಲೋಡ್ ಮಾಡುವಾಗ ಹುಷಾರು. ಇಂಥ ಹಳೇ ಸಾಫ್ಟ್‌ವೇರ್ ಜೊತೆಗೆ ಬೇಡದ ಕಸವನ್ನೆಲ್ಲ ಸೇರಿಸಿ ಕೊಡುವ ಸೈಟ್‌ಗಳು ಬಹಳ ಇವೆ. ಫೈಲನ್ನು ಮೊದಲು ವೈರಸ್ ಇದೆಯಾ ಅಂತ ಪರೀಕ್ಷಿಸುವ ವೈರಸ್‌ಟೋಟಲ್ ಸೈಟಿಗೆ ಹಾಕಿ ನೋಡಿ, ಆಮೇಲೆ ಪೆನ್‌ಡ್ರೈವ್‌ನಲ್ಲಿ ಲ್ಯಾಬಿಗೆ ಒಯ್ಯಿರಿ.

ರಾಯಚೂರು ಲಿನಕ್ಸ್

ಉಬುಂಟು ಇದೆ ಅಂದಿರಲ್ಲ ಮೇಡಂ, ಅದಕ್ಕೆ ನನ್ನ ಕಡೆಯಿಂದ.

ಹುಡುಕಿದರೆ ಮೊದಲು ಸಿಗುವುದು ಕಮಾಂಡ್ ಕೊಟ್ಟು ಫೋಟೋ ಬದಲಿಸುವ ಇಮೇಜ್‌ಮ್ಯಾಜಿಕ್. ಅದರಲ್ಲಿ ಮಾರ್ಫ್ ಅಂತಲೇ ಒಂದು ಆಯ್ಕೆ ಇದೆ, ಆದರೆ ಅದು ಬಿಂದು ಸರಿಸೋದಿಲ್ಲ. ಬಣ್ಣ ಮತ್ತು ಚಿತ್ರದ ಅಳತೆ, ಇವೆರಡನ್ನೇ ಹಂತ ಹಂತವಾಗಿ ಬದಲಿಸುತ್ತದೆ. ಪವರ್‌ಪಾಯಿಂಟ್‌ನಲ್ಲಿ ಬಂದದ್ದೇ ಮತ್ತೆ ಬರುತ್ತದೆ, ಟೈಮ್ ವೇಸ್ಟ್. ಫೋಟೋ ತಿದ್ದುವ ಫ್ರೀ ಸಾಫ್ಟ್‌ವೇರ್ ಗಿಂಪ್‌ಗೆ ಗ್ಯಾಪ್ ಅಂತ ಅನಿಮೇಷನ್ ಪ್ಲಗಿನ್ ಇತ್ತು, ಅದರಲ್ಲಿ ಮಾರ್ಫ್ ಚೆನ್ನಾಗಿತ್ತು, ಆದರೆ ಅದು ಹಳೆ ಗಿಂಪ್‌ಗೆ ಬರೆದದ್ದು. ಹೊಸ ಗಿಂಪ್ 3 ಇದ್ದರೆ ಅದನ್ನು ಮರೆತುಬಿಡಿ. ಲಿನಕ್ಸ್‌ನಲ್ಲಿ ಇದಕ್ಕೆಂದೇ ಇರುವುದು ಎಕ್ಸ್‌ಮಾರ್ಫ್, ಅದರ ಜೊತೆಗಾರ ಜಿಟಿಕೆಮಾರ್ಫ್. ಚಿತ್ರದ ಮೇಲೆ ಬಲೆ ಹರಡಿದ ಹಾಗೆ ಗೆರೆಗಳು ಬರುತ್ತವೆ, ಗಂಟುಗಳನ್ನು ಹಿಡಿದು ಎಳೆಯಬೇಕು. ರಥಕ್ಕೆ ಸ್ವಲ್ಪ ಕಷ್ಟ, ಮುಖಕ್ಕೆ ಪರವಾಗಿಲ್ಲ.

ಮಕ್ಕಳ ಮುಖಕ್ಕೆ ಮಾತ್ರ ಪೈಥಾನ್ ಒಳ್ಳೆಯದು. ತಮ್ಮನಿಗೆ ಸ್ವಲ್ಪ ಪ್ರೋಗ್ರಾಮಿಂಗ್ ಗೊತ್ತಿದ್ದರೆ ಸಾಕು. ಡಿಲಿಬ್ ಅನ್ನುವ ಲೈಬ್ರರಿ ಮುಖದ ಮೇಲೆ 68 ಬಿಂದುಗಳನ್ನು ತಾನೇ ಗುರುತಿಸುತ್ತದೆ. ದವಡೆ ಸುತ್ತ 17, ಹುಬ್ಬಿಗೆ 10, ಮೂಗಿಗೆ 9, ಕಣ್ಣಿಗೆ 12, ಬಾಯಿಗೆ 20. ಅವನ್ನು ತ್ರಿಕೋನಗಳಾಗಿ ಜೋಡಿಸಿ, ಒಂದು ಫೋಟೋದ ತ್ರಿಕೋನವನ್ನು ಇನ್ನೊಂದರ ತ್ರಿಕೋನಕ್ಕೆ ಎಳೆಯುವ ಕೆಲಸ ಓಪನ್‌ಸಿವಿ ಅನ್ನುವ ಇನ್ನೊಂದು ಲೈಬ್ರರಿ ಮಾಡುತ್ತದೆ. ಲೆಕ್ಕ ನೋಡಿದಿರಲ್ಲ, ಹಣೆಗೂ ಕೂದಲಿಗೂ ಒಂದು ಬಿಂದುವೂ ಇಲ್ಲ. ಎರಡು ಜಡೆ ಹಾಕಿದ ಹುಡುಗಿಯ ಫೋಟೋದಲ್ಲಿ ಜಡೆ ಎಲ್ಲಿದೆ ಅಂತ ಅದಕ್ಕೆ ಗೊತ್ತಾಗಲ್ಲ. ಅಲ್ಲಿಗೆ ಕೈಯಿಂದಲೇ ನಾಲ್ಕಾರು ಬಿಂದು ಸೇರಿಸಬೇಕು.

ಇನ್ನೊಂದು ಮಾತು, ಇದನ್ನು ಜೋರಾಗೇ ಹೇಳುತ್ತೇನೆ. ಮಕ್ಕಳ ಫೋಟೋವನ್ನು ಯಾವ ಆನ್‌ಲೈನ್ ಮಾರ್ಫ್ ಸೈಟಿಗೂ ಹಾಕಬೇಡಿ. ಅಲ್ಲಿಗೆ ಹೋದ ಫೋಟೋ ಎಲ್ಲಿ ಉಳಿಯುತ್ತದೆ, ಯಾರ ಕೈ ಸೇರುತ್ತದೆ ಅಂತ ನಿಮಗಾಗಲಿ ಅವರ ಅಪ್ಪ-ಅಮ್ಮನಿಗಾಗಲಿ ಗೊತ್ತಾಗೋದಿಲ್ಲ. ನಾನು ಮೇಲೆ ಹೇಳಿದ್ದೆಲ್ಲ ನಿಮ್ಮ ಕಂಪ್ಯೂಟರಿನಲ್ಲೇ, ನೆಟ್ ಕಿತ್ತು ಹಾಕಿದರೂ ಓಡುತ್ತದೆ.

ಹೊಸಬ 2

ಇಷ್ಟೆಲ್ಲಾ ಯಾಕೆ? ಈಗ ಎಐ ವಿಡಿಯೋ ಟೂಲ್‌ಗಳಿಗೆ ಮೊದಲ ಫೋಟೋ, ಕೊನೆ ಫೋಟೋ ಕೊಟ್ಟರೆ ಮಧ್ಯದ್ದು ತಾನೇ ಮಾಡಿಕೊಡುತ್ತದೆ. ಬಿಂದು ಗಿಂದು ಏನೂ ಬೇಡ.

ಆನೆಗೊಂದಿ ಕ್ಯಾಮೆರಾ

ಅಣ್ಣಾ, ಬೇರೆ ಕೆಲಸಕ್ಕೆ ಅದು ಸರಿ. ಇಲ್ಲಿ ಬೇಡ. ಮಧ್ಯದಲ್ಲಿ ಏನಿತ್ತು ಅಂತ ಎಐಗೆ ಗೊತ್ತಿಲ್ಲ, ಅದು ಕಲ್ಪಿಸಿಕೊಂಡು ತುಂಬುತ್ತದೆ. ಶಿಖರ ಇದ್ದ ಜಾಗದಲ್ಲಿ ಯಾವುದೋ ಗೋಪುರ ಬರೆಯಬಹುದು, ರಥವನ್ನೇ ಓಡಿಸಬಹುದು. ಇತಿಹಾಸ ಪಾಠಕ್ಕೆ ತೋರಿಸುವ ವಿಡಿಯೋದಲ್ಲಿ ಅಂಥದ್ದು ಬರಬಾರದು. ಮಕ್ಕಳು ಅದನ್ನೇ ನಿಜ ಅಂದುಕೊಳ್ಳುತ್ತಾರೆ.

ಟೀಚರ್, ಎಲ್ಲರೂ ಸಾಫ್ಟ್‌ವೇರ್ ಹೇಳಿದರು, ನಾನು ಫೋಟೋ ಬಗ್ಗೆ ಹೇಳುತ್ತೇನೆ, ಯಾಕಂದ್ರೆ ಮುಕ್ಕಾಲು ಕೆಲಸ ಇರುವುದು ಅಲ್ಲೇ. ಹೊಸ ಫೋಟೋವನ್ನು ನೆಟ್‌ನಿಂದ ತಗೋಬೇಡಿ. ಗ್ರೀನ್‌ಲಾ ಎಲ್ಲಿ ನಿಂತಿದ್ದರೋ ಅಲ್ಲೇ ನಿಂತು ನೀವೇ ತೆಗೆಯಿರಿ. ಇದು ಆಗದ ಮಾತಲ್ಲ. ಆಸ್ಟ್ರೇಲಿಯಾದ ಫೋಟೋಗ್ರಾಫರ್ ಜಾನ್ ಗಾಲಿಂಗ್ಸ್ 1983ರಲ್ಲಿ ಗ್ರೀನ್‌ಲಾ ನಿಂತ ಜಾಗಗಳನ್ನು ಹುಡುಕಿ, ಅದೇ ಕೋನದಿಂದ ಮತ್ತೆ ಫೋಟೋ ತೆಗೆದಿದ್ದಾರೆ. ಅವರ ಫೋಟೋಗಳಿಗೆ ಹಕ್ಕು ಇದೆ, ಸುಮ್ನೆ ಬಳಸೋಕೆ ಆಗಲ್ಲ. 1856ರದ್ದಕ್ಕೆ ಆ ತೊಂದರೆ ಇಲ್ಲ.

ಜಾಗ ಹಿಡಿಯುವುದು ಹೀಗೆ. ಹಳೆ ಫೋಟೋದ ಪ್ರಿಂಟ್ ಕೈಯಲ್ಲಿರಲಿ. ರಥದ ಒಂದು ಅಂಚು ನೋಡಿ, ಅದರ ಹಿಂದೆ ಮಂಟಪದ ಯಾವ ಕಂಬ ಕಾಣುತ್ತದೆ, ಎಷ್ಟು ಮರೆಯಾಗಿದೆ ಅಂತ ಪ್ರಿಂಟಿನಲ್ಲಿ ಗುರುತು ಮಾಡಿಕೊಳ್ಳಿ. ಈಗ ಅಲ್ಲಿ ನಿಂತು ಎಡಕ್ಕೋ ಬಲಕ್ಕೋ ಸರಿಯಿರಿ. ಒಂದು ಹೆಜ್ಜೆ ಸರಿದರೂ ಹಿಂದಿನ ಕಂಬ ಇಣುಕುತ್ತದೆ, ಇಲ್ಲ ಅಡಗುತ್ತದೆ. ಎಡ ಅಂಚು, ಬಲ ಅಂಚು ಎರಡೂ ಹೊಂದಿದಾಗ ಜಾಗ ಸಿಕ್ಕಿತು ಅಂತ. ಆಮೇಲೆ ಎತ್ತರ. ಚಾವಣಿ ಅಂಚು ಹಿಂದಿನ ಕಟ್ಟಡದ ಯಾವ ಮಟ್ಟಕ್ಕೆ ಬರುತ್ತದೆ ನೋಡಿ, ಕ್ಯಾಮೆರಾ ಮೇಲೆ ಕೆಳಗೆ ಮಾಡಿ. ಝೂಮ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ನಿಂತ ಜಾಗ ಒಂದೇ ಆದರೆ ಸಾಕು, ಜಾಸ್ತಿ ಬಂದದ್ದನ್ನು ಮನೆಯಲ್ಲಿ ಕತ್ತರಿಸಬಹುದು. ನಿಂತ ಜಾಗ ತಪ್ಪಿದರೆ ಯಾವ ಸಾಫ್ಟ್‌ವೇರೂ ಪೂರ್ತಿ ಸರಿ ಮಾಡೋಕೆ ಆಗಲ್ಲ, ಹಿಂದೆ ಅಡಗಿದ ಕಂಬವನ್ನು ಅದು ಎಲ್ಲಿಂದ ತರಬೇಕು? ಮೊಬೈಲ್ ಆದರೆ 1ಎಕ್ಸ್ ಇರಲಿ. 0.5 ಹಾಕಿದರೆ ಅಂಚುಗಳು ಸೊಟ್ಟ ಬರುತ್ತವೆ.

ನೆರಳನ್ನೂ ನೋಡಿ. ಹಳೆ ಫೋಟೋದಲ್ಲಿ ನೆರಳು ಯಾವ ಕಡೆಗೆ ಬಿದ್ದಿದೆಯೋ ಅದೇ ಹೊತ್ತಿಗೆ ಹೋದರೆ ಮಾರ್ಫ್ ನುಣ್ಣಗೆ ಬರುತ್ತದೆ. ಬೆಳಗಿನದು ಒಂದು, ಸಂಜೆಯದು ಒಂದು ಆದರೆ ಮಧ್ಯದಲ್ಲಿ ರಥವೆಲ್ಲ ಮಸಿ ಬಳಿದ ಹಾಗಾಗುತ್ತದೆ. ರಥದ ಸುತ್ತ ಈಗ ತಡೆ ಹಾಕಿದ್ದಾರೆ, ಅದೂ ಫೋಟೋದಲ್ಲಿ ಬರುತ್ತದೆ. ಬರಲಿ ಬಿಡಿ, ಅದೂ ಈಗಿನ ಹಂಪಿಯೇ ಅಲ್ವಾ. ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಕಮಲಾಪುರದ ಕಡೆಯಿಂದಲೇ ಹೋಗಿ. ನಮ್ಮ ಕಡೆಯಿಂದ ತಳವಾರಘಟ್ಟಕ್ಕೆ ಹೊಳೆ ದಾಟಬೇಕು, ಡ್ಯಾಮಿನಿಂದ ನೀರು ಬಿಟ್ಟರೆ ಅದು ಬಂದ್.

ಕಂಪ್ಲಿ ಟೀಚರ್

ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಇಷ್ಟು ಬಿಡಿಸಿ ಹೇಳುತ್ತೀರಿ ಅಂತ ಅಂದುಕೊಂಡಿರಲಿಲ್ಲ. ಪ್ರಿಂಟ್ ಹಿಡಿದು ಜಾಗ ಹುಡುಕುವ ಕೆಲಸವನ್ನು ಮಕ್ಕಳಿಗೇ ಕೊಡುತ್ತೇನೆ, ಅವರಿಗೆ ಪಾಠಕ್ಕಿಂತ ಅದೇ ಇಷ್ಟವಾಗುತ್ತದೆ.

ಒಂದು ಗೊಂದಲ ಉಳಿದಿದೆ. ಪ್ರತಿ ಬಿಂದುವಿಗೂ ಜೋಡಿ ಬೇಕು ಅಂದಿರಿ. ಶಿಖರಕ್ಕೆ ಹೊಸ ಫೋಟೋದಲ್ಲಿ ಜೋಡಿಯೇ ಇಲ್ಲವಲ್ಲ? ಶಿಖರದ ತುದಿಯನ್ನು ಎಲ್ಲಿಗೆ ಎಳೆಯಬೇಕು?

ಸಿರುಗುಪ್ಪ ಸ್ಟುಡಿಯೋ

ಒಳ್ಳೆ ಪ್ರಶ್ನೆ ಮೇಡಂ. ಇದಕ್ಕೆ ಎರಡು ದಾರಿ.

ಶಿಖರದ ತುದಿಯನ್ನು ಹೊಸ ಫೋಟೋದ ಚಾವಣಿಗೆ ಜೋಡಿ ಮಾಡಿದರೆ ಶಿಖರ ಕುಗ್ಗುತ್ತಾ ಕುಗ್ಗುತ್ತಾ ಕಲ್ಲಿನೊಳಗೆ ಇಳಿದುಹೋಗುತ್ತದೆ. ನೋಡೋಕೆ ಮಜಾ ಇರುತ್ತದೆ, ಆದರೆ ಶಿಖರ ಹಾಗೆ ಕುಸಿದದ್ದಲ್ಲ, ಜನ ಬಿಚ್ಚಿ ತೆಗೆದದ್ದು. ನಾನಾದರೆ ಇದನ್ನು ಮಾಡೋದಿಲ್ಲ.

ಎರಡನೆಯದು, ಶಿಖರದ ಸುತ್ತ ಇಟ್ಟ ಬಿಂದುಗಳನ್ನು ಹೊಸ ಫೋಟೋದ ಆಕಾಶದಲ್ಲೂ ಅದೇ ಜಾಗದಲ್ಲಿ ಬಿಟ್ಟುಬಿಡಿ. ಆಗ ಆ ಭಾಗ ಅಲುಗಾಡೋದಿಲ್ಲ, ಶಿಖರ ಇದ್ದಲ್ಲೇ ಮಾಸಿ ಆಕಾಶ ಕಾಣುತ್ತದೆ. ಕೆಳಗಿನ ರಥ ಮಾತ್ರ ಬಿಂದುವಿಗೆ ಬಿಂದು ಹೊಂದಿಕೊಂಡು ಗಟ್ಟಿಯಾಗಿ ನಿಂತಿರುತ್ತದೆ. ಏನು ಉಳಿದಿದೆ, ಏನು ಹೋಗಿದೆ ಅಂತ ನೋಡಿದ ತಕ್ಷಣ ತಿಳಿಯುತ್ತದೆ. ನಿಮಗೆ ಬೇಕಾಗಿರುವುದು ಇದೇ. ಫೋಟೋದ ನಾಲ್ಕು ಮೂಲೆಗೂ, ಅಂಚುಗಳ ನಡುವಿಗೂ ಒಂದೊಂದು ಬಿಂದು ಇಡೋದು ಮರೆಯಬೇಡಿ. ಇಲ್ಲದಿದ್ದರೆ ಅಂಚು ಒಳಗೆ ಎಳೆದುಕೊಂಡು ಕಪ್ಪು ಪಟ್ಟಿ ಬರುತ್ತದೆ.

ಮಾರ್ಫ್‌ಗೆ ಮುಂಚೆ ಗಿಂಪ್‌ನಲ್ಲಿ ಎರಡು ಫೋಟೋವನ್ನು ಎರಡು ಲೇಯರ್ ಮಾಡಿ, ಮೇಲಿನದರ ಅಪಾರದರ್ಶಕತೆಯನ್ನು, ಅದೇ ಒಪಾಸಿಟಿ, 50ಕ್ಕೆ ಇಳಿಸಿ ಹೊಂದಿಸಿಕೊಳ್ಳಿ. ಎರಡರ ಅಳತೆಯೂ ಒಂದೇ ಇರಲಿ. ಹೊಸದನ್ನು ಮೊದಲು ಕಪ್ಪು ಬಿಳುಪು ಮಾಡಿ, ಮಾರ್ಫ್ ಮುಗಿದ ಮೇಲೆ ಕೊನೆಯಲ್ಲಿ ಬಣ್ಣ ಬರುವ ಹಾಗೆ ಫೇಡ್ ಕೊಡಿ. ಆಕಾರ, ಬಣ್ಣ ಎರಡೂ ಒಟ್ಟಿಗೆ ಬದಲಾದರೆ ಕಣ್ಣಿಗೆ ಯಾವುದೂ ಸರಿಯಾಗಿ ಹಿಡಿಯಲ್ಲ.

ರಾಯಚೂರು ಲಿನಕ್ಸ್

ವಿಡಿಯೋ ಮಾಡುವಾಗ ಎವಿಐ ಬದಲು ಫ್ರೇಮ್‌ಗಳನ್ನೇ ಉಳಿಸಿ, ಆಮೇಲೆ ಎಫ್‌ಎಫ್‌ಎಂಪೆಗ್ ಅನ್ನುವ ಫ್ರೀ ವಿಡಿಯೋ ಸಾಫ್ಟ್‌ವೇರ್‌ನಲ್ಲಿ ಜೋಡಿಸಿ. ಸೆಕೆಂಡಿಗೆ 25 ಫ್ರೇಮ್ ಲೆಕ್ಕ. ಮಾರ್ಫ್ 4 ಸೆಕೆಂಡ್ ಅಂದರೆ 100 ಫ್ರೇಮ್. ಹಳೆ ಫೋಟೋ ಶುರುವಿನಲ್ಲಿ 3 ಸೆಕೆಂಡ್, ಹೊಸದು ಕೊನೆಗೆ 3 ಸೆಕೆಂಡ್ ಸುಮ್ನೆ ನಿಲ್ಲಲಿ, ಮಕ್ಕಳು ನೋಡಿಕೊಳ್ಳೋಕೆ ಹೊತ್ತು ಬೇಕು.

ಟಿವಿಗೆ ಪೆನ್‌ಡ್ರೈವ್ ಹಾಕಿ ತೋರಿಸುವುದಾದರೆ ಎಂಪಿ4 ಫೈಲ್ ಮಾಡಿ, ಕೊಡೆಕ್ ಎಚ್264 ಇರಲಿ. ಚಿತ್ರದ ಉದ್ದ ಅಗಲ ಎರಡೂ ಸಮಸಂಖ್ಯೆ ಇರಬೇಕು. 1281 ಅಂತ ಇದ್ದರೆ ಎಫ್‌ಎಫ್‌ಎಂಪೆಗ್ ಎರರ್ ಕೊಟ್ಟು ನಿಂತುಬಿಡುತ್ತದೆ, 1280 ಮಾಡಿ. ಪಿಕ್ಸೆಲ್ ಫಾರ್ಮ್ಯಾಟ್ yuv420p ಕೊಡಿ, ಅದಿಲ್ಲದಿದ್ದರೆ ಎಷ್ಟೋ ಟಿವಿಗಳಲ್ಲಿ ಓಡೋದಿಲ್ಲ. ಪ್ರದರ್ಶನದ ಹಿಂದಿನ ದಿನವೇ ಆ ಟಿವಿಯಲ್ಲೇ ಒಮ್ಮೆ ಹಾಕಿ ನೋಡಿ. ತಮ್ಮನಿಗೆ ಕಮಾಂಡ್ ಬೇಕಾದರೆ ಮೆಸೇಜ್ ಹಾಕಿ, ಪೂರ್ತಿ ಬರೆದು ಕಳಿಸುತ್ತೇನೆ.