ಪಿಕಪ್‌ಗೆ ಎರಡನೇ ಬ್ಯಾಟರಿ: ಐಸೊಲೇಟರ್ ಸಾಕಾ, ಡಿಸಿ-ಡಿಸಿ ಚಾರ್ಜರ್ ಬೇಕಾ?

ತೋಟದ ಪಿಕಪ್:
ಎಲ್ಲರಿಗೂ ನಮಸ್ಕಾರ. ನಮ್ಮದು ಸಕಲೇಶಪುರ ಕಡೆ ಕಾಫಿ ತೋಟ. ಬಿಎಸ್6 ಡೀಸೆಲ್ ಪಿಕಪ್ ಇದೆ, ಡಬಲ್ ಕ್ಯಾಬ್, ಫೋರ್ ಬೈ ಫೋರ್. ಹಿಂದಿನ ಟ್ರೇ ಮುಚ್ಚಿಸಿದ್ದೇನೆ. ಅದರಲ್ಲಿ ಎರಡನೇ ಬ್ಯಾಟರಿ ಕೂರಿಸಬೇಕು. 40 ಲೀಟರ್ ಕಂಪ್ರೆಸರ್ ಫ್ರಿಜ್, ಎರಡು ವರ್ಕ್ ಲೈಟ್, ಮರಗಸಿ (ನೆರಳಿನ ಮರದ ಕೊಂಬೆ ಕಡಿಯೋದು) ಮಾಡೋ ಗರಗಸದ ಚಾರ್ಜರ್, ಇಷ್ಟಕ್ಕೆ ಕರೆಂಟ್ ಬೇಕು.

ನಮ್ಮ ಕಡೆ ಆನೆ ಬರುತ್ತವೆ. ಸಂಜೆ ಮೇಲೆ ಇಂಜಿನ್ ಆಫ್ ಮಾಡಿ, ಲೈಟ್ ಹಾಕಿಕೊಂಡು ಕಾಯಬೇಕಾಗುತ್ತೆ. ಹೋದ ತಿಂಗಳು ಹಾಗೇ ಕಾದು ಹೊರಡೋಣ ಅಂದರೆ ಸೆಲ್ಫ್ ಹೊಡೆಯಲಿಲ್ಲ. ಟಕ್ ಟಕ್ ಅಂತ ಸದ್ದು ಅಷ್ಟೇ. ಕತ್ತಲೆಯಲ್ಲಿ ಪಕ್ಕದ ತೋಟದಿಂದ ಟ್ರ್ಯಾಕ್ಟರ್ ತರಿಸಿ ಜಂಪ್ ಕೊಟ್ಟು ಹೊರಟೆವು. ಇನ್ನೊಮ್ಮೆ ಹಾಗಾಗಬಾರದು.

ವೋಲ್ಟೇಜ್ ನೋಡಿ ಎರಡೂ ಬ್ಯಾಟರಿಗಳನ್ನ ತಾನೇ ಜೋಡಿಸಿ ಬಿಡಿಸುವ ಐಸೊಲೇಟರ್ ಸಾಕಾ, ವೋಲ್ಟೇಜ್ ಏರಿಸಿ ಹಿಂದಿನದನ್ನ ತುಂಬುವ ಡಿಸಿ-ಡಿಸಿ ಚಾರ್ಜರ್ ಬೇಕಾ? 6 ಸ್ಕ್ವೇರ್ ಎಂಎಂ ವೈರ್ ತಂದಿಟ್ಟಿದ್ದೇನೆ. ಬಾನೆಟ್‌ನಿಂದ ಟ್ರೇವರೆಗೆ 5 ಮೀಟರ್ ಆಗುತ್ತೆ.

ಗ್ಯಾರೇಜ್ ಹುಡುಗ:
ಐಸೊಲೇಟರ್ ಸಾಕು ಅಣ್ಣ. ಮುಂದಿನ ಬ್ಯಾಟರಿ 13.3 ವೋಲ್ಟ್ ದಾಟಿದರೆ ಜೋಡಿಸುತ್ತೆ, 12.8ಕ್ಕೆ ಇಳಿದರೆ ಬಿಡಿಸುತ್ತೆ. ಇಂಜಿನ್ ಆಫ್ ಮಾಡಿದ ಮೇಲೆ ಫ್ರಿಜ್ ತಿನ್ನೋದೆಲ್ಲ ಹಿಂದಿನ ಬ್ಯಾಟರಿಯಿಂದ. ಮುಂದಿನದಕ್ಕೆ ಏನೂ ಆಗಲ್ಲ. ನಾನು ಜೀಪುಗಳಿಗೆ, ಕ್ಯಾಂಪರ್‌ಗಳಿಗೆ ಹಾಕಿಕೊಟ್ಟಿದ್ದೇನೆ, ಒಂದೂ ವಾಪಸ್ ಬಂದಿಲ್ಲ. ಲಗ್‌ಗಳನ್ನ (ವೈರಿನ ತುದಿಗೆ ಹಾಕೋ ಲೋಹದ ಕಣ್ಣು) ಮಾತ್ರ ಒಳ್ಳೆ ಟೂಲ್‌ನಲ್ಲಿ ಕ್ರಿಂಪ್ ಮಾಡಿಸಿ, ಅಂದರೆ ಒತ್ತಿ ಬಿಗಿಸಿ.

ನಾಲ್ಕೂ ಚಕ್ರ:
"ಒಂದೂ ವಾಪಸ್ ಬಂದಿಲ್ಲ" ಅಂದಿರಲ್ಲ, ಅವೆಲ್ಲ ಹಳೇ ಗಾಡಿಗಳು. ಇವರದು ಬಿಎಸ್6. ಇಂಥ ಹಲವು ಗಾಡಿಗಳಲ್ಲಿ, ಇಂಜಿನ್ ಓಡುವಾಗ ಬ್ಯಾಟರಿ ತುಂಬೋ ಆಲ್ಟರ್ನೇಟರ್ ಸ್ಮಾರ್ಟ್ ಆಗಿರುತ್ತೆ. ಮುಂದಿನ ಬ್ಯಾಟರಿ ತುಂಬಿತು ಅಂತ ಗೊತ್ತಾದ ತಕ್ಷಣ ವೋಲ್ಟೇಜ್ ಇಳಿಸುತ್ತೆ. ಆಗ ಐಸೊಲೇಟರ್ ಬಿಟ್ಟುಕೊಳ್ಳುತ್ತೆ, ಹಿಂದಿನ ಬ್ಯಾಟರಿ ಅರ್ಧ ಹೊಟ್ಟೆಯಲ್ಲೇ ಉಳಿಯುತ್ತೆ.

ಇನ್ನು 6 ಸ್ಕ್ವೇರ್ ಲೆಕ್ಕ ನೋಡಿ. ಹೋಗಿ ಬರೋ ದಾರಿ 10 ಮೀಟರ್. ತಾಮ್ರದ ರೆಸಿಸ್ಟೆನ್ಸ್ ಹಿಡಿದರೆ 0.029 ಓಮ್. 20 ಆಂಪ್ ಹರಿದರೆ 0.58 ವೋಲ್ಟ್ ದಾರಿಯಲ್ಲೇ ಹೋಯಿತು. 16 ಸ್ಕ್ವೇರ್ ಹಾಕಿದರೆ 0.22 ಅಷ್ಟೇ. ಡಿಸಿ-ಡಿಸಿ ಹಾಕಿ, ವೈರ್ ಬದಲಾಯಿಸಿ.

ಗ್ಯಾರೇಜ್ ಹುಡುಗ:
"ಹೋಗಿ ಬರೋ ದಾರಿ 10 ಮೀಟರ್" ಯಾಕೆ ಸರ್? ವಾಪಸ್ ಬರೋದು ಬಾಡಿ ಅರ್ಥ್‌ನಲ್ಲಿ, ಗಾಡಿಯ ತಗಡಿನಲ್ಲೇ ತಾನೇ? ಹಾಗಾದರೆ ನಿಮ್ಮ 0.58ರಲ್ಲಿ ಅರ್ಧ ಹೋಯಿತು. ಬ್ಯಾಟರಿ ತುಂಬ್ತಾ ಬಂದ ಹಾಗೆ ಕರೆಂಟ್ ಕಮ್ಮಿ ಆಗುತ್ತೆ, ಡ್ರಾಪ್ ಇನ್ನೂ ಕಮ್ಮಿ. ಸುಮ್ನೆ ಜನಕ್ಕೆ ಖರ್ಚು ಹಚ್ಚಬೇಡಿ.

ರೇಡಿಯೋ ಮೇಷ್ಟ್ರು:
ಹುಡುಗ ಹೇಳಿದ್ದರಲ್ಲಿ ಒಂದು ಮಾತು ಮಾತ್ರ ಒಪ್ಪಲ್ಲ. ಲಗ್ ಬರೀ ಕ್ರಿಂಪ್ ಮಾಡಿದರೆ ಸಾಲದು. ಬೆಸುಗೆ (ಸೋಲ್ಡರ್) ಹಾಕಲೇಬೇಕು. ಹಾಸನದಲ್ಲಿ 30 ವರ್ಷ ರೇಡಿಯೋ, ಆಂಪ್ಲಿಫೈಯರ್ ರಿಪೇರಿ ಮಾಡಿದ್ದೇನೆ. ನಾನು ಹಾಕಿದ ಬೆಸುಗೆ ಬಿಟ್ಟಿದ್ದು ನೋಡಿಲ್ಲ. ಕ್ರಿಂಪ್ ಮಾಡಿದ ಜಾಯಿಂಟ್‌ಗಳನ್ನ ಮಾತ್ರ ಎಷ್ಟೋ ಸಲ ಕೈಯಲ್ಲಿ ಎಳೆದು ಕಿತ್ತಿದ್ದೇನೆ.

ನಾಲ್ಕೂ ಚಕ್ರ:
"ರೇಡಿಯೋ, ಆಂಪ್ಲಿಫೈಯರ್" ಮೇಜಿನ ಮೇಲೆ ಕೂರುತ್ತವೆ ಮೇಷ್ಟ್ರೇ. ಪಿಕಪ್ ಕಲ್ಲಿನ ಮೇಲೆ ಕುಣಿಯುತ್ತೆ. ಬೆಸುಗೆ ಎಳೆಗಳ ಒಳಗೆ ಹೀರಿಕೊಂಡು ಹೋಗುತ್ತೆ. ಅಲ್ಲಿವರೆಗೆ ವೈರ್ ಕಡ್ಡಿ ಆಗುತ್ತೆ, ಆಮೇಲೆ ಮೆತ್ತಗೆ. ಆ ಗೆರೆಯಲ್ಲೇ ಅಲುಗಾಡಿ ಅಲುಗಾಡಿ ಒಂದೊಂದೇ ಎಳೆ ತುಂಡಾಗುತ್ತೆ. ಕಾರಿನ ಕಂಪನಿ ವೈರಿಂಗ್ ಬಿಚ್ಚಿ ನೋಡಿ, ಕನೆಕ್ಟರ್ ಪಿನ್ನುಗಳೆಲ್ಲ ಕ್ರಿಂಪ್.

ರೇಡಿಯೋ ಮೇಷ್ಟ್ರು:
"ಕಂಪನಿ ವೈರಿಂಗ್" ಮಾಡೋದು ಮೆಷಿನ್. ಅಲ್ಲಿ ಒತ್ತಡ ಎಷ್ಟು ಅಂತ ಅಳೆದು ಇಟ್ಟಿರುತ್ತಾರೆ. ನಮ್ಮೂರಲ್ಲಿ ಕ್ರಿಂಪ್ ಅಂದರೆ ಕಟಿಂಗ್ ಪ್ಲೇಯರ್‌ನಲ್ಲಿ ಅಮುಕೋದು, ಸುತ್ತಿಗೆಯಲ್ಲಿ ಹೊಡೆಯೋದು. ಅಂಥ ಕ್ರಿಂಪಿಗಿಂತ ನನ್ನ ಬೆಸುಗೆ ಸಾವಿರ ಪಾಲು ಮೇಲು.

ಗ್ಯಾರೇಜ್ ಹುಡುಗ:
ಸುತ್ತಿಗೆಯಲ್ಲಿ ಹೊಡೀತೀವಿ ಅಂತ ಯಾರು ಹೇಳಿದ್ದು ಮೇಷ್ಟ್ರೇ? ನನ್ನ ಹತ್ತಿರ ಹೈಡ್ರಾಲಿಕ್ ಟೂಲ್ ಇದೆ. 16 ಸ್ಕ್ವೇರ್ ವೈರಿಗೆ ಬೇರೆ ಅಚ್ಚು, 25ಕ್ಕೆ ಬೇರೆ ಅಚ್ಚು. ಬೆಳಗ್ಗಿಂದ ಸಂಜೆವರೆಗೆ ಗ್ರೀಸ್ ಕೈಯಲ್ಲಿ ದುಡಿಯೋರನ್ನ ಹಾಗೆ ಒಂದೇ ತಕ್ಕಡಿಯಲ್ಲಿ ಹಾಕಬೇಡಿ. ನೋವಾಗುತ್ತೆ.

ಕಡಲತಡಿ:
ಮಂಗಳೂರಿನಿಂದ ಒಂದು ಮಾತು. ನಮ್ಮಲ್ಲಿ ಉಪ್ಪುಗಾಳಿ ಮಾರಾಯ್ರೆ. ಒಂದು ಮಳೆಗಾಲ ಮುಗಿದ ಮೇಲೆ ನನ್ನ ಫಾಗ್ ಲೈಟಿನ ಲಗ್ ಬಿಚ್ಚಿ ನೋಡಿದೆ. ಮೇಲೆ ಟೇಪ್ ಚೆನ್ನಾಗಿಯೇ ಇತ್ತು, ಅಂಟು ಮಾತ್ರ ಜಿಗಟಾಗಿ ಬೆರಳಿಗೆ ಹತ್ತುತ್ತಿತ್ತು. ಒಳಗೆ ತಾಮ್ರ ಕಾಣಲೇ ಇಲ್ಲ, ಬರೀ ಹಸಿರು ಪುಡಿ. ಉಗುರಲ್ಲಿ ಕೆರೆದರೆ ಎಳೆಗಳು ಪುಡಿಪುಡಿಯಾಗಿ ಉದುರಿದವು. ಆಮೇಲೆ ನಾನು ತವರ ಲೇಪಿಸಿದ ತಾಮ್ರದ ವೈರನ್ನೇ ಹಾಕೋದು. ಕ್ರಿಂಪೋ ಬೆಸುಗೆಯೋ, ಅದಕ್ಕಿಂತ ಮೊದಲು ನೀರು ಒಳಗೆ ಹೋಗದ ಹಾಗೆ ನೋಡಿಕೊಳ್ಳಿ.

ರೇಡಿಯೋ ಮೇಷ್ಟ್ರು:
"ಹಸಿರು ಪುಡಿ". ನೋಡಿ, ಇದೇ ನಾನು ಹೇಳಿದ್ದು! ಕ್ರಿಂಪ್ ಮಾಡಿದ ಲಗ್ ಒಳಗೆ ನೀರು ಇಳಿಯಿತು. ಬೆಸುಗೆ ತುಂಬಿದ್ದರೆ ನೀರಿಗೆ ಜಾಗವೇ ಇರುತ್ತಿರಲಿಲ್ಲ.

ನಾಲ್ಕೂ ಚಕ್ರ:
ಅದು ಕ್ರಿಂಪಿನ ತಪ್ಪಲ್ಲ, ಟೇಪಿನ ತಪ್ಪು. ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿದ್ದರೆ, ಬಿಸಿ ಮಾಡಿದಾಗ ಅಂಟು ಎರಡೂ ತುದಿಯಲ್ಲಿ ಹೊರಬಂದು ಮುಚ್ಚಿಕೊಳ್ಳುತ್ತಿತ್ತು. ಸರಿಯಾದ ಕ್ರಿಂಪಿನಲ್ಲಿ ಎಳೆಗಳ ಮಧ್ಯೆ ಗಾಳಿಗೂ ಜಾಗ ಇರಲ್ಲ. ಅಮೆರಿಕದಲ್ಲಿ ದೋಣಿಗಳ ವೈರಿಂಗ್‌ಗೆ ಎಬಿವೈಸಿ ಇ-11 ಅಂತ ನಿಯಮ ಇದೆ. ಬೆಸುಗೆ ಒಂದನ್ನೇ ನಂಬಿ ಜಾಯಿಂಟ್ ಮಾಡಬಾರದು ಅಂತ ಅದರಲ್ಲಿದೆ. ಉಪ್ಪುನೀರು, ಅಲುಗಾಟ ಎರಡೂ ನೋಡಿದವರು ಬರೆದದ್ದು.

ರೇಡಿಯೋ ಮೇಷ್ಟ್ರು:
ಅರ್ಧ ಓದಿ ಅರ್ಧ ಬಿಟ್ಟಿದ್ದೀರಿ. "ಒಂದನ್ನೇ" ನಂಬಬಾರದು ಅಂದರೆ ಬೆಸುಗೆ ಬೇಡ ಅಂತಲ್ಲ. ಅದೇ ನಿಯಮದಲ್ಲಿ ಬ್ಯಾಟರಿ ಲಗ್‌ಗಳಿಗೆ ವಿನಾಯಿತಿ ಇದೆ. ವೈರಿನ ದಪ್ಪದ ಒಂದೂವರೆ ಪಟ್ಟು ಉದ್ದ ಬೆಸುಗೆ ಹಿಡಿದಿದ್ದರೆ ಸಾಕು ಅಂತ. ನಾವು ಮಾತಾಡ್ತಿರೋದು ಬ್ಯಾಟರಿ ಲಗ್ ಬಗ್ಗೆಯೇ ಅಲ್ವಾ? ನಾಸಾದ ವೈರಿಂಗ್ ಕೈಪಿಡಿಯಲ್ಲೂ ಲೈನ್‌ಮನ್ ಸ್ಪ್ಲೈಸ್‌ಗೆ (ಎರಡು ವೈರ್ ಒಂದಕ್ಕೊಂದು ಸುತ್ತಿ ಮಾಡೋ ಜಾಯಿಂಟ್) ಬೆಸುಗೆ ಇದೆ. ರಾಕೆಟ್ಟಿಗೆ ಆಗೋದು ನಿಮ್ಮ ಪಿಕಪ್ಪಿಗೆ ಆಗಲ್ವಾ?

ನಾಲ್ಕೂ ಚಕ್ರ:
ನಾಸಾದವರು ಬೆಸುಗೆ ಮುಗಿಯುವ ಕಡೆ ವೈರ್ ಅಲುಗದ ಹಾಗೆ ಕಟ್ಟಿ ಇಡುತ್ತಾರೆ. ಬ್ಯಾಟರಿ ಲಗ್ಗಿಗೆ ಬರುತ್ತೇನೆ. ತವರ-ಸೀಸದ ಬೆಸುಗೆ 183 ಡಿಗ್ರಿಯಿಂದಲೇ ಕರಗೋಕೆ ಶುರು. ಬೋಲ್ಟ್ ಸ್ವಲ್ಪ ಸಡಿಲ ಆದರೆ, ಸಿಕ್ಕಿಬಿದ್ದ ಗಾಡಿ ಎಳೆಯೋ ಮೋಟಾರಿನ ರಾಟೆ, ಅಂದರೆ ವಿಂಚ್, ಎಳೆಯುವಾಗ ಲಗ್ ಅಷ್ಟು ಕಾಯೋದು ಕಷ್ಟವೇನಲ್ಲ. 9,500 ಪೌಂಡಿನ ವಿಂಚ್ ಪೂರ್ತಿ ಲೋಡಿನಲ್ಲಿ 400 ಆಂಪ್ ಆಸುಪಾಸು ಎಳೆಯುತ್ತೆ. ಬೆಸುಗೆ ಕರಗಿ ಕೇಬಲ್ ಕಳಚಿ ಬಾಡಿಗೆ ತಾಗಿದರೆ ಏನು ಗತಿ?

ತೋಟದ ಪಿಕಪ್:
ನನ್ನ ಗಾಡಿಯಲ್ಲಿ ವಿಂಚ್ ಇಲ್ಲ. ಐಸೊಲೇಟರ್ ವಿಷಯಕ್ಕೆ ಬರೋಣ್ವಾ? ಇವತ್ತು ಮಲ್ಟಿಮೀಟರ್ ಇಟ್ಟು ನೋಡಿದೆ. ಸ್ಟಾರ್ಟ್ ಮಾಡಿದ ತಕ್ಷಣ 14.2. ಇಪ್ಪತ್ತು ನಿಮಿಷ ಓಡಿಸಿದ ಮೇಲೆ 12.7.

ನಾಲ್ಕೂ ಚಕ್ರ:
ಅದೇ ಸ್ಮಾರ್ಟ್ ಆಲ್ಟರ್ನೇಟರ್. 12.7ರಲ್ಲಿ ಐಸೊಲೇಟರ್ ಬಿಟ್ಟೇ ಬಿಟ್ಟಿರುತ್ತೆ.

ಗ್ಯಾರೇಜ್ ಹುಡುಗ:
"ಬಿಟ್ಟೇ ಬಿಟ್ಟಿರುತ್ತೆ" ಅನ್ನೋದಕ್ಕೂ ಮದ್ದಿದೆ. ವೋಲ್ಟೇಜ್ ನೋಡೋ ಐಸೊಲೇಟರ್ ಬೇಡ, ಇಗ್ನಿಷನ್‌ನಿಂದ ಎಳೆಯೋ ಹೆವಿ ರಿಲೇ ಹಾಕಿ. ಕೀ ಆನ್ ಇರುವವರೆಗೂ ಜೋಡಿಯಾಗೇ ಇರುತ್ತೆ.

ನಾಲ್ಕೂ ಚಕ್ರ:
ಜೋಡಿಸಿದರೆ ಆಯಿತಾ? 12.7 ವೋಲ್ಟಿನಿಂದ ಇನ್ನೊಂದು 12 ವೋಲ್ಟ್ ಬ್ಯಾಟರಿ ತುಂಬೋದು ಹೇಗೆ? ಲೆಡ್ ಆಸಿಡ್ ಬ್ಯಾಟರಿ ಪೂರ್ತಿ ತುಂಬಿ ಸುಮ್ಮನೆ ಕೂತಾಗಲೇ 12.6, 12.7 ತೋರಿಸುತ್ತೆ. ಚೆನ್ನಾಗಿ ಚಾರ್ಜ್ ಆಗಬೇಕಾದರೆ 14ರ ಮೇಲೆ ಬೇಕು. ಡಿಸಿ-ಡಿಸಿ ಮಾಡೋದು ಅದನ್ನೇ. ಒಳಗೆ 12.7 ಕೊಟ್ಟರೂ ಹೊರಗೆ 14.4 ಮಾಡಿ ಕೊಡುತ್ತೆ.

ಮರಳುಗಾಡು:
ದುಬೈಯಿಂದ ಬರೀತಿದ್ದೇನೆ. ಲ್ಯಾಂಡ್ ಕ್ರೂಸರ್ 79 ಪಿಕಪ್, ವಾರಾಂತ್ಯ ಮರಳಿನಲ್ಲೇ. ತೋಟದವರೇ, ಲಿಥಿಯಂ ಹಾಕೋ ಯೋಚನೆ ಇದ್ದರೆ ಬಾನೆಟ್ ಒಳಗೆ ಬೇಡವೇ ಬೇಡ. ಎಷ್ಟೋ ಪ್ಯಾಕ್‌ಗಳ ಚಾರ್ಜಿಂಗ್ ಮಿತಿ 45 ಡಿಗ್ರಿ. ಇಲ್ಲಿ ಬೇಸಿಗೆಯಲ್ಲಿ ನೆರಳಲ್ಲೇ ಅಷ್ಟಾಗುತ್ತೆ. ಇನ್ನೊಂದು: ಬ್ಯಾಟರಿಯ ಮೈನಸ್ ಕಂಬದ ಮೇಲೆ ಚಿಕ್ಕ ಸೆನ್ಸರ್ ಡಬ್ಬಿ ಇದ್ದರೆ, ನಿಮ್ಮ ಅರ್ಥ್ ವೈರನ್ನ ಆ ಕಂಬಕ್ಕೆ ಕಟ್ಟಬೇಡಿ, ಗಾಡಿಯ ತಗಡಿಗೆ ಕಟ್ಟಿ. ಇಲ್ಲದಿದ್ದರೆ ನಿಮ್ಮ ಫ್ರಿಜ್ ಎಳೆದ ಕರೆಂಟ್ ಗಾಡಿಯ ಲೆಕ್ಕಕ್ಕೆ ಬರಲ್ಲ. ಜಾಯಿಂಟ್ ವಿಷಯಕ್ಕೆ ಹೇಳೋದಾದರೆ, ನನ್ನ ಗಾಡಿಯಲ್ಲಿ ಬೆಸುಗೆ ಹಾಕಿದ್ದು ಒಂದೂ ಇಲ್ಲ.

ರೇಡಿಯೋ ಮೇಷ್ಟ್ರು:
"ಒಂದೂ ಇಲ್ಲ" ಅಂದಮೇಲೆ ಬೆಸುಗೆ ಬಿಡುತ್ತೋ ಇಲ್ವೋ ಅಂತ ನಿಮಗೆ ಹೇಗೆ ಗೊತ್ತು ಸ್ವಾಮಿ? ಹಾಕಿ ನೋಡಿದವರು ಮಾತಾಡಬೇಕು. ನಾನು ಹಾಕಿದ್ದೇನೆ. ನನ್ನ ತಮ್ಮನ ಜೀಪಿನಲ್ಲಿ ನಾನೇ ಬೆಸುಗೆ ಹಾಕಿದ ಲಗ್ ಇದೆ. ಬಿಸಿಲೆ ಘಾಟ್ ಹತ್ತಿ ಇಳಿದು ವರ್ಷಗಳಾದವು, ಗಟ್ಟಿಯಾಗಿದೆ.

ನಾಲ್ಕೂ ಚಕ್ರ:
ಒಂದು ಜೀಪು ಇಟ್ಟುಕೊಂಡು ಊರಿಗೆಲ್ಲ ಪಾಠ ಹೇಳೋದು ತಪ್ಪು. ನಿಮ್ಮ ಮಾತು ಕೇಳಿ ಯಾರೋ ಹೊಸಬರು ದಪ್ಪ ಕೇಬಲ್‌ಗೆ 25 ವ್ಯಾಟ್ ಐರನ್‌ನಲ್ಲಿ ಸರಿಯಾಗಿ ಕಾಯದ ತಣ್ಣನೆ ಬೆಸುಗೆ ಹಾಕಿ ಗಾಡಿ ಸುಟ್ಟುಕೊಂಡರೆ ಯಾರು ಹೊಣೆ? ಇದು ರೇಡಿಯೋ ಅಲ್ಲ, ಜನ ಕೂರೋ ಗಾಡಿ!

ರೇಡಿಯೋ ಮೇಷ್ಟ್ರು:
ನಾನು 25 ವ್ಯಾಟ್ ಅಂದೆನಾ? ಎಲ್ಲಿ ಅಂದೆ ತೋರಿಸಿ. ದಪ್ಪ ಕೇಬಲ್‌ಗೆ ಬ್ಲೋ ಲ್ಯಾಂಪ್ ಬೇಕು ಅಂತ ನನಗೆ ಗೊತ್ತಿಲ್ವಾ? ಬಾಯಿಗೆ ಬಂದದ್ದನ್ನ ನನ್ನ ತಲೆಗೆ ಕಟ್ಟಬೇಡಿ.

ಕಡಲತಡಿ:
ಗಾಡಿ ಸುಡುವ ಮಾತು ಬಂತು ಅಂತ ಹೇಳ್ತೇನೆ. ನನ್ನ ಗಾಡಿಯಲ್ಲಿ ಹೊಗೆ ಬಂದದ್ದು ಜಾಯಿಂಟಿನಿಂದ ಅಲ್ಲ. ಒಂದು ಅಂಗಡಿಯಲ್ಲಿ ಫಾಗ್ ಲೈಟ್ ಹಾಕಿಸಿದ್ದೆ. ಬ್ಯಾಟರಿಯಿಂದ ನೇರ ವೈರ್ ಎಳೆದಿದ್ದರು, ಫ್ಯೂಸ್ ಇರಲಿಲ್ಲ. ಬಾನೆಟ್‌ನಿಂದ ಒಳಗೆ ಬರುವ ತೂತಿನಲ್ಲಿ ರಬ್ಬರ್ ಗ್ರಾಮೆಟ್ ಕೂಡ ಹಾಕಿರಲಿಲ್ಲ. ತಗಡಿನ ಅಂಚು ವೈರಿನ ಮೈ ಉಜ್ಜಿ ಉಜ್ಜಿ ಕೊಯ್ದಿತ್ತು. ಶಿರಾಡಿ ಘಾಟಿನಲ್ಲಿ, ಜಡಿಮಳೆ, ಹಿಂದಿನ ಸೀಟಿನಲ್ಲಿ ಮಕ್ಕಳು. ಮೊದಲು ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಕಾಲ ಹತ್ತಿರ ಹೊಗೆ. ಬಾನೆಟ್ ತೆಗೆದು ಸ್ಪ್ಯಾನರ್‌ನಲ್ಲಿ ಬ್ಯಾಟರಿ ಟರ್ಮಿನಲ್ ಬಿಚ್ಚುವವರೆಗೆ ಕೈ ನಿಲ್ಲಲಿಲ್ಲ. ಎರಡು 55 ವ್ಯಾಟಿನ ಬಲ್ಬ್ ಅಂದರೆ 9 ಆಂಪ್ ಚಿಲ್ಲರೆ. ಬ್ಯಾಟರಿ ಪಕ್ಕದಲ್ಲೇ ಒಂದು 15 ಆಂಪ್ ಫ್ಯೂಸ್ ಇದ್ದಿದ್ದರೆ ಅದು ಹಾರಿ ಅಲ್ಲಿಗೇ ಮುಗಿಯುತ್ತಿತ್ತು.

ಗ್ಯಾರೇಜ್ ಹುಡುಗ:
"ಒಂದು ಅಂಗಡಿಯಲ್ಲಿ" ಆಯಿತು ಅಂತ ಎಲ್ಲ ಅಂಗಡಿಯವರೂ ಹಾಗಲ್ಲ. ನಾನು ರಿಲೇ ಇಲ್ಲದೆ, ಫ್ಯೂಸ್ ಇಲ್ಲದೆ ಲೈಟ್ ಕೊಟ್ಟಿದ್ದೇ ಇಲ್ಲ. ರಿಲೇಯ 30ನೇ ಪಿನ್ನಿಗೆ ಬ್ಯಾಟರಿ, 87ಕ್ಕೆ ಲೈಟ್, 85, 86ಕ್ಕೆ ಸ್ವಿಚ್ ಮತ್ತು ಅರ್ಥ್. ಕಣ್ಣು ಮುಚ್ಚಿ ಮಾಡ್ತೀನಿ. ಗಿರಾಕಿಗಳೇ ಚೌಕಾಸಿ ಮಾಡಿ ಫ್ಯೂಸ್ ಬೇಡ ಅಂತಾರೆ.

ಮರಳುಗಾಡು:
ಫ್ಯೂಸ್ ಎರಡು ಬೇಕು, ಒಂದಲ್ಲ. ಉದ್ದ ವೈರಿನ ಎರಡೂ ತುದಿಯಲ್ಲಿ ಬ್ಯಾಟರಿ ಇದೆ. ಮಧ್ಯದಲ್ಲಿ ವೈರ್ ಉಜ್ಜಿಹೋದರೆ ಮುಂದಿನದರ ಫ್ಯೂಸ್ ಹಾರಿದರೂ ಹಿಂದಿನದು ಬೆಂಕಿ ಹಚ್ಚುತ್ತೆ.

ರೇಡಿಯೋ ಮೇಷ್ಟ್ರು:
ಫ್ಯೂಸ್ ಹೋಲ್ಡರ್‌ಗೂ ವೈರ್ ಜೋಡಿಸಲೇಬೇಕಲ್ಲ. ಅದನ್ನ ಯಾವುದರಲ್ಲಿ ಜೋಡಿಸ್ತೀರಿ?

ನಾಲ್ಕೂ ಚಕ್ರ:
ಕ್ರಿಂಪ್. ಇನ್ನು ಎಷ್ಟು ಸಲ ಹೇಳಲಿ?

ತೋಟದ ಪಿಕಪ್:
ಎರಡು ವಾರದ ಮೇಲೆ ಬರೀತಿದ್ದೇನೆ. ಕೆಲಸ ಮುಗಿಯಿತು. 25 ಆಂಪ್ ಡಿಸಿ-ಡಿಸಿ ಹಾಕಿಸಿದೆ. ಚೇಸಿ ಪಕ್ಕದಲ್ಲಿ ಫ್ಲೆಕ್ಸಿಬಲ್ ಪೈಪ್ ಒಳಗೆ 16 ಸ್ಕ್ವೇರ್ ವೈರ್, ಎರಡೂ ತುದಿಗೆ 40 ಆಂಪ್ ಫ್ಯೂಸ್, ಬ್ಯಾಟರಿಯಿಂದ ಒಂದು ಗೇಣಿನೊಳಗೆ. ಹಿಂದೆ 60 ಎಎಚ್ ಲೆಡ್ ಆಸಿಡ್ ಬ್ಯಾಟರಿ, ಬೆಲ್ಟ್ ಹಾಕಿ ಬಿಗಿದಿದ್ದೇನೆ. ತಂದಿಟ್ಟಿದ್ದ 6 ಸ್ಕ್ವೇರ್ ವೈರನ್ನ ಫ್ರಿಜ್ ಸಾಕೆಟ್‌ಗೆ, ಲೈಟಿಗೆ ಬಳಸಿದೆ.

ಫ್ರಿಜ್ ಓಡುವಾಗ 45 ವ್ಯಾಟ್ ಎಳೆಯುತ್ತೆ, ಅರ್ಧ ಹೊತ್ತು ಆಫ್ ಆಗೇ ಇರುತ್ತೆ. ಮೊನ್ನೆ ಇಡೀ ರಾತ್ರಿ ಫ್ರಿಜ್, ಎರಡು ಗಂಟೆ ಲೈಟ್ ಓಡಿಸಿದೆ. ಬೆಳಗ್ಗೆ ಹಿಂದಿನ ಬ್ಯಾಟರಿ 12.3 ತೋರಿಸಿತು. ಮುಂದಿನದು 12.6. ಸೆಲ್ಫ್ ಒಂದೇ ಸಲಕ್ಕೆ ಹಿಡಿಯಿತು. ಅಪ್ಪ ಪಕ್ಕದಲ್ಲಿ ಕೂತಿದ್ದರು, ಅವರ ಮುಖ ನೋಡಿ ತುಂಬಾ ಸಮಾಧಾನ ಆಯಿತು.

ದಪ್ಪ ಲಗ್‌ಗಳೆಲ್ಲ ಹೈಡ್ರಾಲಿಕ್ ಕ್ರಿಂಪ್, ಮೇಲೆ ಅಂಟಿನ ಸ್ಲೀವ್. ಫ್ರಿಜ್ ಸಾಕೆಟ್ ಹಿಂದಿನ ಎರಡು ವೈರ್ ಮಾತ್ರ ಬೆಸುಗೆ.

ಗ್ಯಾರೇಜ್ ಹುಡುಗ:
ಹೈಡ್ರಾಲಿಕ್ ಕ್ರಿಂಪ್ ಅಂತ ನಾನು ಮೊದಲ ದಿನವೇ ಹೇಳಿದ್ದು ಅಣ್ಣ. ಹಳೇ ಗಾಡಿಗೆ ಐಸೊಲೇಟರ್ ಸಾಕು ಅನ್ನೋ ಮಾತು ಈಗಲೂ ಹಾಗೇ ಇದೆ.

ರೇಡಿಯೋ ಮೇಷ್ಟ್ರು:
"ಎರಡು ವೈರ್ ಮಾತ್ರ ಬೆಸುಗೆ" ಅಂದಿರಿ. ಹಾಕಿದ್ದೀರಲ್ಲ, ಸಂತೋಷ. ಸಾಕೆಟ್ಟಿನಿಂದ ಎರಡು ಇಂಚು ದೂರದಲ್ಲಿ ಆ ವೈರನ್ನ ಒಂದು ಕ್ಲಿಪ್ಪಿನಲ್ಲಿ ಬಾಡಿಗೆ ಬಿಗಿದುಬಿಡಿ. ಅಲುಗಬಾರದು.

ನಾಲ್ಕೂ ಚಕ್ರ:
"ಅಲುಗಬಾರದು" ಅಂತ ಈಗ ನೀವೇ ಹೇಳ್ತಿದ್ದೀರಿ ಮೇಷ್ಟ್ರೇ. ನಾನು ಮೊದಲಿಂದ ಹೇಳಿದ್ದು ಅದೇ.

ರೇಡಿಯೋ ಮೇಷ್ಟ್ರು:
ಕ್ರಿಂಪ್ ಮಾಡಿದ ವೈರಿಗೂ ಕ್ಲಿಪ್ ಬೇಕು. ಅದನ್ನ ಮಾತ್ರ ನೀವು ಹೇಳಲೇ ಇಲ್ಲ.