ಪದಚರ್ಚೆ: ದಾರಿ, ಜಾಡು, ನಡೆ – ರೋಬೋಟ್ ಕೈಗೆ ಯಾವುದು?

ಶಿರಸಿಯಲ್ಲಿ ಡಿಪ್ಲೊಮಾ ಮಕ್ಕಳಿಗೆಂದು ಕಾರ್ಖಾನೆ ರೋಬೋಟ್‌ಗಳ ಕೈಪಿಡಿ ಬರೆಯುತ್ತಿದ್ದೇನೆ. 'ಪಾತ್ ಪ್ಲಾನಿಂಗ್'ಗೆ ಸರಿಯಾದ ಪದ ಸಿಗದೆ ವಾರದಿಂದ ಅಲ್ಲೇ ನಿಂತಿದ್ದೇನೆ.

ರೋಬೋಟ್ ಕೈಯ ಕೆಲಸ ಇಷ್ಟು. ವಸ್ತು ಎಲ್ಲಿದೆ, ಹೇಗೆ ಬಿದ್ದಿದೆ ಎಂದು ಕ್ಯಾಮೆರಾ ನೋಡುತ್ತದೆ. ಅಲ್ಲಿಗೆ ಎಲ್ಲೂ ತಗುಲದೆ ಹೋಗುವ ದಾರಿಯನ್ನು ಕಂಪ್ಯೂಟರ್ ಗೊತ್ತು ಮಾಡುತ್ತದೆ. ಕೈಯ ತುದಿ ನೆಟ್ಟಗೆ ಹೋದರೂ ಮೊಣಕೈ ಪಕ್ಕದ ಸ್ಟ್ಯಾಂಡಿಗೆ ಬಡಿಯಬಹುದು. ಆರು ಕೀಲಿನ ಕೈಯಾದರೆ ಆರರ ಲೆಕ್ಕವೂ ಬೇಕು.

ಮೊದಲು 'ಮಾರ್ಗ ಯೋಜನೆ' ಎಂದು ಬರೆದೆ. ಓದಿದ ಹುಡುಗ, ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗದ ಯೋಜನೆಯ ವಿಷಯವಾ ಎಂದು ಕೇಳಿದ. ಅವನ ತಪ್ಪಲ್ಲ. ನಮ್ಮ ಜಿಲ್ಲೆಯವರಿಗೆ ಮೊದಲು ನೆನಪಾಗುವುದೇ ಅದು. 'ಜಾಡು' ನನಗೆ ಇಷ್ಟದ ಪದ, ಆದರೆ ಜಾಡು ಮೂಡುವುದು ನಡೆದ ಮೇಲೆ. ಇಲ್ಲಿ ಇನ್ನೂ ಯಾರೂ ನಡೆದೇ ಇಲ್ಲ, ಅಲ್ವಾ?

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಪಾತ್, ಟ್ರಾಜೆಕ್ಟರಿ ಎರಡಕ್ಕೂ ಸುಮ್ನೆ 'ಪಥ' ಎಂದುಬಿಡುತ್ತೇವೆ. ಎಲ್ಲೆಲ್ಲಿ ಹಾಯಬೇಕು ಎಂಬುದಷ್ಟೇ ಪಾತ್. ಯಾವ ಕ್ಷಣಕ್ಕೆ ಎಲ್ಲಿ ಇರಬೇಕು ಎಂಬುದೂ ಸೇರಿದರೆ ಟ್ರಾಜೆಕ್ಟರಿ. ದೇವಿಮನೆ ಘಟ್ಟದಲ್ಲಿ ಕುಮಟಾಕ್ಕೆ ಇಳಿಯುವ ರಸ್ತೆ ಒಂದೇ, ಆದರೆ ತಿರುವುಗಳಲ್ಲಿ ಬಸ್ಸು ಇಳಿಯುವ ವೇಗ ಬೇರೆ, ಬೈಕು ಇಳಿಯುವ ವೇಗ ಬೇರೆ. ಹಾಗಾಗಿ ಮೊದಲನೆಯದಕ್ಕೆ 'ದಾರಿ', ಎರಡನೆಯದಕ್ಕೆ 'ನಡೆ' ಎಂದು ಇಟ್ಟಿದ್ದೇನೆ. ಒಪ್ಪುತ್ತದೆಯೇ? ಚದುರಂಗದ ನಡೆ ಅಡ್ಡ ಬರುತ್ತದೆಯೇ?

ಇನ್ನು 'ಪ್ಲಾನಿಂಗ್'. ನಮ್ಮ ತೋಟಕ್ಕೆ ಅಡಿಕೆ ಕೊನೆ ಕೊಯ್ಯಲು ಬರುವ ಕೊನೆಗೌಡರು ಮರ ಹತ್ತುವ ಮೊದಲು ಸ್ವಲ್ಪ ಹೊತ್ತು ಕತ್ತೆತ್ತಿ ನಿಲ್ಲುತ್ತಾರೆ. ಬಲಿತ ಕೊನೆ ಎಲ್ಲೆಲ್ಲಿದೆ, ಯಾವ ಮರ ಹತ್ತಿದರೆ ಇಳಿಯದೆ ಪಕ್ಕದ ಮರಕ್ಕೆ ದಾಟಬಹುದು, ಎಲ್ಲ ಕೆಳಗೇ ತೀರ್ಮಾನ. ಇದಕ್ಕೆ ಏನೆನ್ನುತ್ತೀರಿ ಎಂದು ಕೇಳಿದೆ. "ಎಂತ ಹೆಸ್ರು ಮಾರಾಯ್ರೆ, ಮರ ನೋಡೂದು ಅಷ್ಟೆ" ಎಂದರು.

ಎಷ್ಟು ಒಳ್ಳೆಯ ಮಾತು! ಕಾಣುವುದೂ ಗೊತ್ತು ಮಾಡುವುದೂ ಒಂದೇ 'ನೋಡು'ವಿನಲ್ಲಿ ಇವೆ. ದಿನ ನೋಡು, ಜಾಗ ನೋಡು ಎನ್ನುತ್ತೇವಲ್ಲ, ಹಾಗೆ. ಆದರೆ 'ದಾರಿ ನೋಡು' ಎಂದರೆ ಯಾರಿಗೋ ಕಾಯುವುದು ಎಂದಾಗುತ್ತದೆ. ಅಲ್ಲಿಗೆ ಅದೂ ಹೋಯಿತು. 'ದಾರಿ ಗೊತ್ತುಮಾಡುವಿಕೆ' ಅರ್ಥಕ್ಕೆ ಸರಿ, ಬಾಯಿಗೆ ಉದ್ದ ಜಾಸ್ತಿ.

ಕಾರವಾರ, ಕುಮಟಾ, ಹೊನ್ನಾವರದ ಕಡೆಯವರಿಗೆ ಒಂದು ಪ್ರಶ್ನೆ. ನದಿ ಸಮುದ್ರ ಸೇರುವ ಅಳಿವೆಯಲ್ಲಿ ಮರಳಿನ ದಿಣ್ಣೆ ತಪ್ಪಿಸಿ ದೋಣಿ ಒಳಗೆ ತರುವಾಗ, ನೀರು ನೋಡಿ ಮೊದಲೇ ದಾರಿ ಗೊತ್ತು ಮಾಡಿಕೊಳ್ಳುತ್ತಾರಲ್ಲ, ಅದಕ್ಕೆ ಮೀನುಗಾರರು ಏನೆನ್ನುತ್ತಾರೆ?